ಹುಳಿಹಾಲಿನ ವಿಜ್ಞಾನಿ ಮೆಚ್ನಿಕಾಫ್

ನಾನು ಮಮದಾಪುರದವನು, ಮಜ್ಜಿಗೆಯಿಲ್ಲದೆ ನಮ್ಮಲ್ಲಿ ಊಟ ಮುಗಿಯದು. ಹುಳಿಹಾಲಿಗೆ ವಿಜ್ಞಾನದಲ್ಲಿ ಸ್ಥಾನ ದೊರಕಿಸಿದ ಎಲಿ ಮೆಚ್ನಿಕಾಫನ ಚರಿತ್ರೆಯು ನನ್ನನ್ನು ಸೆಳೆದುದಕ್ಕೆ ಅದೂ ಒಂದು ಕಾರಣವಿರಬೇಕು.

ಈತನು 1845ರಲ್ಲಿ ಇಂದಿನ ಯುಕ್ರೇನಿನ ಖಾರ್ಕಿವ್ ಸೀಮೆಯಲ್ಲಿ ಜನಿಸಿದನು. 1873ರಲ್ಲಿ ಮೊದಲ ಹೆಂಡತಿ ಕ್ಷಯದಿಂದ ತೀರಿಕೊಂಡಾಗ ಬದುಕೇ ಬೇಡವೆಂದು ಹೊರಟವನು ಹೇಗೋ ಉಳಿದನು. ಒಡೆಸ್ಸಾದಲ್ಲಿ ಪ್ರಾಧ್ಯಾಪಕನಾಗಿದ್ದಾಗ ಇವನ ಶಿಷ್ಯನಾಗಿದ್ದ ಹಾಫ್‌ಕಿನ್ನನೇ ಮುಂದೆ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿದನು. 1898ರಲ್ಲಿ ನಮ್ಮ ಹುಬ್ಬಳ್ಳಿಯ ಜನ ಅದನ್ನು ಚುಚ್ಚಿಸಿಕೊಂಡರು.

1882ರಲ್ಲಿ ಕೆಲಸ ಬಿಟ್ಟು ಸಿಸಿಲಿಯ ಮೆಸ್ಸೀನಾಕ್ಕೆ ಬಂದನು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ನಕ್ಷತ್ರಮೀನಿನ ಮರಿ ಗಾಜಿನಂತೆ ಪಾರದರ್ಶಕ. ಅದರೊಳಗೆ ಅಲೆದಾಡುವ ಕಣಗಳನ್ನು ನೋಡುತ್ತ ಕುಳಿತವನಿಗೆ, ಇವೇ ದೇಹದ ಕಾವಲುಗಾರರಿರಬಹುದೆಂದು ಹೊಳೆಯಿತು. ತೋಟದ ಗುಲಾಬಿ ಮುಳ್ಳನ್ನು ತಂದು ಮರಿಯ ಚರ್ಮದಡಿ ಚುಚ್ಚಿದನು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾಗೆದ್ದು ನೋಡಿದರೆ ಕಣಗಳು ಮುಳ್ಳನ್ನು ಮುತ್ತಿದ್ದವು! ಮುಳ್ಳು ಮುರಿದ ಕಾಲು ಬಾತು ಕೀವಾಗುವುದೂ ಹೀಗೆಯೇ. ಉರಿಯೂತವು ಬರಿಯ ರೋಗವಲ್ಲ, ದೇಹದ ಕಾದಾಟವೆಂದು ಆತನು ಸಾರಿದನು. ರಕ್ಷಣೆಯೆಲ್ಲ ರಕ್ತದ ದ್ರವದ್ದೆಂದು ಜರ್ಮನಿಯ ಪಂಡಿತರು ಹಲವು ವರ್ಷ ವಾದ ಹೂಡಿದರು. ತಮಾಷೆಯೆಂದರೆ, 1908ರ ನೊಬೆಲ್ ಬಹುಮಾನವು ಇವನಿಗೂ ಎದುರು ಪಕ್ಷದ ಎರ್ಲಿಖನಿಗೂ ಒಟ್ಟಿಗೆ ಬಂದಿತು.

1888ರಿಂದ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಈತನಿಗೆ ಕಡೆಗೆ ಮುಪ್ಪಿನ ಚಿಂತೆ ಹತ್ತಿತು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅನ್ನವನ್ನು ಕೊಳೆಯಿಸಿ ಹುಟ್ಟಿಸುವ ವಿಷವೇ ಮುಪ್ಪಿಗೆ ಕಾರಣ, ಆ ಕರುಳೇ ಬೇಡದ ಅಂಗವೆಂದು ಬಗೆದನು. ಆ ಜೀವಿಗಳನ್ನು ಹತ್ತಿಕ್ಕಲು ದಿನವೂ ಹುಳಿಹಾಲು ಕುಡಿದನು. ಹುಳಿಹಾಲನ್ನು ಒಪ್ಪಬಹುದು, ಉಳಿದುದನ್ನು ಒಪ್ಪಲು ನನ್ನಿಂದಾಗದು. ನಮಗೆ ಅರಗದ ಜೋಳದ, ಕಾಳುಗಳ ನಾರನ್ನು ಅದೇ ಕರುಳಿನ ಜೀವಿಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿಯ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟು ಕರುಳಿನ ಒಳಪದರಕ್ಕೆ ಆಹಾರ. ಉರಿಯೂತಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ-ಕಣಗಳನ್ನು ಈ ಆಮ್ಲಗಳು ಹೆಚ್ಚಿಸುತ್ತವೆಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಮನುಷ್ಯರ ರಕ್ತದಿಂದ ತೆಗೆದ ಬಿಳಿಕಣಗಳಲ್ಲಿಯೂ ಬ್ಯುಟಿರೇಟು ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತದೆ. ರೋಗಿಗಳಿಗೆ ಮದ್ದಾಗಿ ಕೊಟ್ಟಾಗ ಮಾತ್ರ ಫಲ ಒಂದೇ ತೆರನಾಗಿಲ್ಲ. ಮೆಸ್ಸೀನಾದಲ್ಲಿ ತಾನು ಕಂಡ ಯೋಧರನ್ನು ಹದದಲ್ಲಿಡುವವರನ್ನೇ ಆತನು ಪ್ಯಾರಿಸಿನಲ್ಲಿ ಶತ್ರುಗಳೆಂದು ಎಣಿಸಿದ್ದನು.

1916ರಲ್ಲಿ, 71ನೆಯ ವಯಸ್ಸಿನಲ್ಲಿ, ಹೃದ್ರೋಗದಿಂದ ತೀರಿಕೊಂಡನು. ಆತನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ.