ಕೇಳಿಸಿಕೊಳ್ಳುವ ಸರ್ಕಾರಕ್ಕೆ ಬುನಾದಿ ಹಾಕಿದ ದಿವಾನ

ಹಳೆಯ ಮೈಸೂರಿನ ದಿವಾನರೆಂದರೆ ನಮಗೆ ಥಟ್ಟನೆ ನೆನಪಾಗುವುದು ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಸರ್ ಮಿರ್ಜಾ ಇಸ್ಮಾಯಿಲ್. ಅವರ ಕಾಲದ ಅಣೆಕಟ್ಟು, ಕಾರ್ಖಾನೆ, ಉದ್ಯಾನಗಳು ಇಂದಿಗೂ ಕಣ್ಣ ಮುಂದಿವೆ. ಆದರೆ ಎರಡು ವರ್ಷವೂ ತುಂಬದ ಅಧಿಕಾರಾವಧಿಯಲ್ಲಿ, ಪ್ರಜೆಯ ಮಾತನ್ನು ಸರ್ಕಾರ ಕುಳಿತು ಕೇಳಬೇಕೆಂಬ ಪದ್ಧತಿಯನ್ನು ಆರಂಭಿಸಿಕೊಟ್ಟ ಸಿ. ರಂಗಾಚಾರ್ಲು ಅವರ ಹೆಸರು ಮೈಸೂರಿನ ಪುರಭವನದ ಗೋಡೆಗಷ್ಟೇ ಸೀಮಿತವಾಗಿದೆ. ನಮ್ಮ ನಾಡಿನ ನಾಗರಿಕ ಹಕ್ಕುಗಳ ಚರಿತ್ರೆಯನ್ನು ಅವರಿಂದಲೇ ಆರಂಭಿಸಬೇಕೆಂಬುದು ನನ್ನ ಭಾವನೆ.

ರಂಗಾಚಾರ್ಲು ಜನಿಸಿದ್ದು 1831ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ನಗರ ಸೀಮೆಯ ರೈತರ ದಂಗೆಯನ್ನು ನೆಪವಾಗಿಸಿಕೊಂಡು ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಂದ ಆಡಳಿತವನ್ನು ಕಿತ್ತುಕೊಂಡದ್ದೂ ಅದೇ ವರ್ಷ. ಮುಂದಿನ ಐವತ್ತು ವರ್ಷ ಮೈಸೂರನ್ನು ಆಳಿದವರು ಕಮಿಷನರುಗಳು. ಆಡಳಿತದಲ್ಲಿ ಶಿಸ್ತು ಬಂತು, ಕಚೇರಿಗಳು ಬೆಳೆದವು, ಆದರೆ ರಾಜ್ಯದ ವ್ಯವಹಾರದಲ್ಲಿ ಪ್ರಜೆಗೆ ಮಾತಿರಲಿಲ್ಲ.

ಮದ್ರಾಸ್ ಸರ್ಕಾರದಲ್ಲಿ ಗುಮಾಸ್ತೆಯಾಗಿ ಸೇರಿ ಡೆಪ್ಯುಟಿ ಕಲೆಕ್ಟರ್ ಹುದ್ದೆಗೇರಿದ್ದ ರಂಗಾಚಾರ್ಲು ಮೈಸೂರಿಗೆ ಬಂದದ್ದು 1868ರಲ್ಲಿ. ಆ ವರ್ಷ ಮುಮ್ಮಡಿಯವರು ನಿಧನರಾಗಿ, ಅರಮನೆಯ ಲೆಕ್ಕಪತ್ರ ಮತ್ತು ಸಾಲಗಳನ್ನು ಇತ್ಯರ್ಥಗೊಳಿಸಬೇಕಾಗಿತ್ತು. ಆ ಜಟಿಲ ಕೆಲಸವನ್ನು ದಕ್ಷತೆಯಿಂದ ನಿರ್ವಹಿಸಿದ ಅವರು ಮುಂದೆ ಕಂದಾಯ ಕಾರ್ಯದರ್ಶಿಯಾದರು. 1881ರ ಮಾರ್ಚ್ 25ರಂದು ಹದಿನೆಂಟರ ಹರೆಯದ ಚಾಮರಾಜ ಒಡೆಯರ್ ಅವರಿಗೆ ರಾಜ್ಯ ಮರಳಿ ದೊರೆತಾಗ ದಿವಾನಗಿರಿ ಸಹಜವಾಗಿಯೇ ರಂಗಾಚಾರ್ಲು ಅವರ ಪಾಲಿಗೆ ಬಂತು.

ಆದರೆ ಅದು ಹೂವಿನ ಹಾಸಿಗೆಯಾಗಿರಲಿಲ್ಲ. 1876ರಿಂದ 78ರವರೆಗಿನ ಭೀಕರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಅಸುನೀಗಿದ್ದರು. ಬೊಕ್ಕಸ ಬರಿದಾಗಿ, ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲವಿತ್ತು. ಬ್ರಿಟಿಷರಿಗೆ ತೆರಬೇಕಾಗಿದ್ದ ವಾರ್ಷಿಕ ಪೊಗದಿಯನ್ನು ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಕ್ಷಾಮದ ಕಾರಣ ಅದನ್ನು ಐದು ವರ್ಷ ಮುಂದೂಡಲಾಗಿತ್ತು, ಅಷ್ಟೆ. ವೆಚ್ಚಕ್ಕೆ ಕಡಿವಾಣ ಹಾಕಲು ಹುದ್ದೆಗಳನ್ನು ಕಡಿತಗೊಳಿಸಿದರು. ಹಾಸನ ಮತ್ತು ಚಿತ್ರದುರ್ಗ ಕಳೆದುಕೊಂಡ ಜಿಲ್ಲೆಯ ಸ್ಥಾನಮಾನ ಮರಳಿದ್ದು 1886ರಲ್ಲಿ. ಇಷ್ಟರ ನಡುವೆಯೂ ಬೆಂಗಳೂರು-ಮೈಸೂರು ರೈಲು ಮಾರ್ಗ 1882ರಲ್ಲಿ ಪೂರ್ಣಗೊಂಡಿತು.

ಇಂತಹ ಬಿಕ್ಕಟ್ಟಿನ ಕಾಲದಲ್ಲಿ ಆಳುವವರು ಸಾಮಾನ್ಯವಾಗಿ ಬಾಗಿಲು ಮುಚ್ಚಿಕೊಂಡು ತೀರ್ಮಾನ ಕೈಗೊಳ್ಳುತ್ತಾರೆ. ರಂಗಾಚಾರ್ಲು ಬಾಗಿಲು ತೆರೆದರು. 1881ರ ಆಗಸ್ಟ್ 25ರ ಆದೇಶದ ಮೂಲಕ ಮೈಸೂರು ಪ್ರಜಾಪ್ರತಿನಿಧಿ ಸಭೆ ರೂಪುಗೊಂಡಿತು. ಪ್ರತಿ ತಾಲ್ಲೂಕಿನಿಂದ ರೈತರನ್ನೂ, ಜೊತೆಗೆ ವರ್ತಕರನ್ನೂ ಆರಿಸಲಾಯಿತು. ದಸರೆಗೆ ಹೊಂದಿಸಿಕೊಂಡು ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ ಮೊದಲ ಅಧಿವೇಶನದಲ್ಲಿ 144 ಸದಸ್ಯರಿದ್ದರು. ದಿವಾನರು ಅವರ ಮುಂದೆ ರಾಜ್ಯದ ಆದಾಯ, ವೆಚ್ಚ, ಯೋಜನೆಗಳ ವಿವರವನ್ನಿಟ್ಟು ಅಹವಾಲುಗಳನ್ನು ಆಲಿಸಿದರು. ಭಾರತೀಯ ಸಂಸ್ಥಾನಗಳಲ್ಲಿ ಇಂತಹ ಪ್ರಯೋಗ ಅದೇ ಮೊದಲು. ಭಾರತ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಲು ಆಗ ಇನ್ನೂ ನಾಲ್ಕು ವರ್ಷಗಳಿದ್ದವು.

ಈ ಸಭೆಯನ್ನು ವೈಭವೀಕರಿಸುವ ಅಗತ್ಯವಿಲ್ಲ. ಸದಸ್ಯರು ಚುನಾಯಿತರಾಗಿರಲಿಲ್ಲ, ಅಧಿಕಾರಿಗಳ ಮೂಲಕ ಆಯ್ಕೆಯಾದ ಅನುಕೂಲಸ್ಥರು. ಭೂಮಿಯಿಲ್ಲದವರಿಗೆ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಶಾಸನ ಮಾಡುವ ಅಧಿಕಾರವೂ ಇರಲಿಲ್ಲ. ಸದಸ್ಯರು ಕೇಳಬಹುದಿತ್ತು, ಕೊಡುವುದು ಬಿಡುವುದು ಸರ್ಕಾರದ ಮರ್ಜಿ. ಹಾಗಾದರೆ ಇದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ನ್ಯಾಯವಾದುದೇ. ನನ್ನ ದೃಷ್ಟಿಯಲ್ಲಿ ಉತ್ತರ ಇಷ್ಟು: ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ರೂಢಿ ಒಮ್ಮೆ ಬೆಳೆದರೆ ಅದನ್ನು ಹಿಂದೆಗೆದುಕೊಳ್ಳುವುದು ಪ್ರಭುತ್ವಕ್ಕೆ ಸುಲಭವಲ್ಲ. ಇಂದು ಅಹವಾಲು ಹೇಳಿಕೊಂಡವನು ನಾಳೆ ಹಕ್ಕು ಕೇಳುತ್ತಾನೆ.

ಮುಂದೆ ಆದದ್ದೂ ಅದೇ. 1883ರ ಜನವರಿ 20ರಂದು ರಂಗಾಚಾರ್ಲು ಮದ್ರಾಸಿನಲ್ಲಿ ನಿಧನರಾದರು. ಸಭೆ ಉಳಿಯಿತು. ಅವರ ಉತ್ತರಾಧಿಕಾರಿ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸೀಮಿತ ಮತದಾರರಿಗೆ ಪ್ರತಿನಿಧಿಗಳನ್ನು ಚುನಾಯಿಸುವ ಅವಕಾಶ ದೊರೆಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಗಳು ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ನೀಡಿದವು, ಮಹಿಳೆಯರ ಮತಕ್ಕಿದ್ದ ತಡೆಯನ್ನು ತೆಗೆದುಹಾಕಿದವು. ಆದರೆ ಜವಾಬ್ದಾರಿ ಸರ್ಕಾರವನ್ನು ಯಾರೂ ದಾನವಾಗಿ ಕೊಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಜನ 'ಮೈಸೂರು ಚಲೋ' ಹೂಡಿ ಬೀದಿಗಿಳಿಯಬೇಕಾಯಿತು. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ಸ್ವೀಕರಿಸಿತು. ತನ್ನ ಕಾಲದ ಕರ್ತವ್ಯ ಮುಗಿಸಿದ ಪ್ರಜಾಪ್ರತಿನಿಧಿ ಸಭೆ 1949ರ ಡಿಸೆಂಬರ್‌ನಲ್ಲಿ ವಿಸರ್ಜನೆಗೊಂಡಿತು.

ಇದೆಲ್ಲ ಹಳೆಯ ಕಥೆಯೆಂದು ಮಗುಚಿಡುವಂತಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬೆಂಗಳೂರು ಮಹಾನಗರ ಪಾಲಿಕೆಗೆ ಅನಂತರ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕುರ್ಚಿಗಳೂ ವರ್ಷಾನುಗಟ್ಟಲೆ ಖಾಲಿ ಉಳಿದವು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಕಾರಣಗಳಿಗೇನೂ ಬರವಿರಲಿಲ್ಲ. ಸಾಲ ಮತ್ತು ಕ್ಷಾಮದ ನಡುವೆಯೂ, ಸಂವಿಧಾನದ ಯಾವ ಒತ್ತಾಯವೂ ಇಲ್ಲದೆ, ದಿವಾನರೊಬ್ಬರು ಅಧಿಕಾರ ವಹಿಸಿಕೊಂಡ ಏಳೇ ತಿಂಗಳೊಳಗೆ ತಾಲ್ಲೂಕುಗಳ ರೈತರನ್ನು ಕರೆಸಿ ಲೆಕ್ಕ ಒಪ್ಪಿಸಿದ್ದರು. ಸಂವಿಧಾನದ ಆಸರೆಯಲ್ಲಿ ಆರಿಸಿ ಬಂದ ನಮ್ಮ ಸರ್ಕಾರಗಳು ಆ ಏಳು ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು.