ತುರ್ಕನ ಪೆಟ್ಟಿಗೆ, ಮಾತಾಡುವ ತಿದಿ

ಪ್ರಾಜೆಕ್ಟ್ ಪ್ರದರ್ಶನಕ್ಕೆ ಅಂತ ನಾವು ಮಾಡಿದ್ದ ಪುಟ್ಟ ಮೇಜಿನ ರೋಬೋ ಹಾಸ್ಟೆಲ್ ರೂಮಲ್ಲಿ ಐದೂ ಆಜ್ಞೆಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ತಿರುಗು ಅಂದ್ರೆ ತಿರುಗೋದು, ದೀಪ ಅಂದ್ರೆ ಕಣ್ಣಿನ ಎಲ್‌ಇಡಿ ಹೊತ್ತಿಸೋದು. ಹಿಂದಿನ ದಿನ ಸಭಾಂಗಣಕ್ಕೆ ಒಯ್ದು ನೋಡಿದರೆ, ಫ್ಯಾನು ಮತ್ತು ಜನರ ಗದ್ದಲದಲ್ಲಿ ಅದಕ್ಕೆ ಅರ್ಥವಾಗಿದ್ದು ಎರಡೇ ಆಜ್ಞೆ. ತಂಡದ ಗೆಳೆಯನೊಬ್ಬ ಉಪಾಯ ಕೊಟ್ಟ: ತಾನು ಕಂಬದ ಹಿಂದೆ ನಿಂತು ಮೊಬೈಲಿನಿಂದ ಬಟನ್ ಒತ್ತುತ್ತಾನಂತೆ, ಯಾರಿಗೂ ಗೊತ್ತಾಗಲ್ವಂತೆ. ಅವತ್ತು ರಾತ್ರಿ ನನಗೆ ನೆನಪಾದವನು ಕೆಂಪೆಲೆನ್. ಹೆಸರು ಕೇಳಿ ನಮ್ಮ ಕೆಂಪೇಗೌಡರ ಕಡೆಯವನು ಅಂದ್ಕೋಬೇಡಿ!

ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಹುಟ್ಟಿದ್ದು 1734ರಲ್ಲಿ, ಆಗ ಹಂಗೇರಿ ರಾಜ್ಯದಲ್ಲಿದ್ದ ಪ್ರೆಸ್‌ಬುರ್ಗ್ ಪಟ್ಟಣದಲ್ಲಿ. ಇಂದು ಅದು ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ. ವಿಯೆನ್ನಾದ ಮಹಾರಾಣಿ ಮಾರಿಯಾ ತೆರೇಸಾಳ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಆತನಿಗೆ ಯಂತ್ರಗಳ ಹುಚ್ಚು. ನೀರೆತ್ತುವ ವ್ಯವಸ್ಥೆಯಿಂದ ಹಿಡಿದು, ಅಂಧ ಪಿಯಾನೋ ವಾದಕಿ ಮಾರಿಯಾ ತೆರೇಸಿಯಾ ಪಾರಾಡಿಸ್‌ಗೆ ಅಚ್ಚುಮೊಳೆಗಳಿಂದ ಪತ್ರ ಬರೆಯಲು ಒಂದು ಕೈಮುದ್ರಣ ಯಂತ್ರದವರೆಗೆ ಏನೇನೋ ಮಾಡಿದ.

1769ರಲ್ಲಿ ಅರಮನೆಯಲ್ಲಿ ಒಂದು ಜಾದೂ ಪ್ರದರ್ಶನ ನಡೆಯಿತು. ಇದಕ್ಕಿಂತ ದೊಡ್ಡ ಅಚ್ಚರಿಯನ್ನು ತಾನು ತೋರಿಸುತ್ತೇನೆ ಎಂದು ಕೆಂಪೆಲೆನ್ ಮಾತು ಕೊಟ್ಟ. ಮರುವರ್ಷ ತಂದಿದ್ದೇ ‘ತುರ್ಕ’. ಮರದ ಪೆಟ್ಟಿಗೆಯ ಹಿಂದೆ ಕೂತ, ಮುಂಡಾಸು ಸುತ್ತಿದ ಗೊಂಬೆ. ಎದುರಿಗೆ ಚದುರಂಗದ ಹಾಸು. ಬಾಗಿಲುಗಳನ್ನು ತೆರೆದು ಒಳಗಿನ ಹಲ್ಲುಚಕ್ರಗಳನ್ನು ತೋರಿಸಿ, ಕೀಲಿ ಕೊಟ್ಟರೆ ಸಾಕು, ಗೊಂಬೆ ಆಟಕ್ಕೆ ಇಳಿಯುತ್ತಿತ್ತು. ಬಹುತೇಕ ಗೆಲ್ಲುತ್ತಲೂ ಇತ್ತು!

ಅಸಲಿ ವಿಷಯ ಏನಪ್ಪಾ ಅಂದ್ರೆ, ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಕೂತಿರುತ್ತಿದ್ದ. ಬಾಗಿಲು ತೆರೆದಂತೆಲ್ಲ ಜಾರುವ ಆಸನದ ಮೇಲೆ ಅತ್ತಿತ್ತ ಸರಿಯುತ್ತಿದ್ದ. ಕಾಯಿಗಳಲ್ಲಿ ಆಯಸ್ಕಾಂತ ಇದ್ದುದರಿಂದ ಯಾವ ಕಾಯಿ ಎಲ್ಲಿದೆ ಎಂದು ಅವನಿಗೆ ಕೆಳಗಿನಿಂದಲೇ ತಿಳಿಯುತ್ತಿತ್ತು. ಮೋಂಬತ್ತಿಯ ಬೆಳಕಲ್ಲಿ ಸನ್ನೆಕೋಲು ಹಿಡಿದು ಗೊಂಬೆಯ ಕೈ ಆಡಿಸುತ್ತಿದ್ದ.

ಅದೇ 1769ರಲ್ಲಿ ಕೆಂಪೆಲೆನ್ ಇನ್ನೊಂದು ಕೆಲಸವನ್ನೂ ಹಿಡಿದಿದ್ದ. ಅದರಲ್ಲಿ ಯಾರೂ ಅಡಗಿರಲಿಲ್ಲ. ಅದು ಮಾತಾಡುವ ಯಂತ್ರ. ಮೊದಲ ಪ್ರಯತ್ನಕ್ಕೆ ಬಳಸಿದ್ದು ಗಾಳಿ ಊದುವ ತಿದಿ, ಬ್ಯಾಗ್‌ಪೈಪಿನ ಪೀಪಿ (ನಮ್ಮ ಓಲಗದ ಪೀಪಿ ನೆನೆಸಿಕೊಳ್ಳಿ) ಮತ್ತು ಕ್ಲಾರಿನೆಟ್ಟಿನ ಬಾಯಿ. ಒಂದೆರಡು ಸ್ವರ ಬಂತು, ಅಷ್ಟೇ. ಎರಡನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಕೀಲಿ ಇಟ್ಟ. ಅಕ್ಷರಗಳೇನೋ ಬಂದವು, ಮಾತು ಮಾತ್ರ ಬರಲಿಲ್ಲ. ಯಾಕೆಂದರೆ ನಾವು ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸಿ ಜೋಡಿಸುವುದಿಲ್ಲ. ಒಂದೇ ಬಾಯಿ ಆಕಾರ ಬದಲಿಸುತ್ತಾ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ.

ಇದು ಹೊಳೆದ ಮೇಲೆ ಎಲ್ಲ ಬಿಚ್ಚಿ ಮತ್ತೆ ಕಟ್ಟಿದ. ಒಂದೇ ಪೀಪಿ, ಒಂದೇ ಬಾಯಿ. ಮೊಣಕೈಯಿಂದ ತಿದಿ ಒತ್ತಬೇಕು, ಇನ್ನೊಂದು ಅಂಗೈಯಿಂದ ಯಂತ್ರದ ಬಾಯಿಯನ್ನು ಮುಚ್ಚಿ ತೆರೆದು ಸ್ವರ ಹೊರಡಿಸಬೇಕು. ಬಾಯಿ ಮುಚ್ಚಿ ಮೂಗಿನ ಹೊಳ್ಳೆಗಳನ್ನು ಬಿಟ್ಟರೆ ‘ಮ’. ಸಕಾರ, ರಕಾರಗಳಿಗೆ ಬೇರೆ ಸನ್ನೆಗಳು. ‘ತ’, ‘ಕ’ ಮಾತ್ರ ಕೊನೆಗೂ ಸರಿಯಾಗಿ ಒಲಿಯಲಿಲ್ಲ. ಅಲ್ಲೆಲ್ಲ ‘ಪ’ದಂಥ ಸದ್ದಿನಲ್ಲೇ ಹೊಂದಿಸಿಕೊಂಡ. ದನಿ ಮಗುವಿನ ಹಾಗಿದ್ದುದರಿಂದ ಕೇಳುವವರು ತೊದಲನ್ನು ಮನ್ನಿಸುತ್ತಿದ್ದರು.

1783ರಲ್ಲಿ ಯುರೋಪ್ ಪ್ರವಾಸ ಹೊರಟಾಗ ಎರಡನ್ನೂ ಒಯ್ದ. ಜನ ಮುಗಿಬಿದ್ದಿದ್ದು ತುರ್ಕನ ಮೇಲೆಯೇ. ಅದು ಬರೀ ಆಟ, ಕಣ್ಕಟ್ಟು ಅಂತ ಆತನೇ ಹಗುರವಾಗಿ ಕಾಣುತ್ತಿದ್ದರೂ ಗುಟ್ಟು ಮಾತ್ರ ಬಿಡಲಿಲ್ಲ. ಇದರಿಂದ ಪೆಟ್ಟು ಬಿದ್ದಿದ್ದು ಮಾತಿನ ಯಂತ್ರಕ್ಕೆ. ಒಂದರಲ್ಲಿ ಮೋಸವಿದ್ದರೆ ಇನ್ನೊಂದನ್ನು ಹೇಗೆ ನಂಬೋದು?

1791ರಲ್ಲಿ, ಇಪ್ಪತ್ತು ವರ್ಷಗಳ ದುಡಿಮೆಯ ನಂತರ, ಮನುಷ್ಯನ ಮಾತು ಹುಟ್ಟುವ ಬಗೆ ಮತ್ತು ತನ್ನ ಯಂತ್ರದ ರಚನೆ ಕುರಿತು ಪುಸ್ತಕ ಬರೆದ. ಚಿತ್ರ ಸಹಿತ ಎಲ್ಲ ಬಿಡಿಸಿಟ್ಟ, ಬಾರದ ಅಕ್ಷರಗಳನ್ನೂ ಒಪ್ಪಿಕೊಂಡ. 1804ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ.

ತುರ್ಕ ಕೈಯಿಂದ ಕೈಗೆ ಮಾರಾಟವಾಗಿ, ನೆಪೋಲಿಯನ್ ಜೊತೆಗೂ ಆಡಿ, 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಬಿತ್ತು. ಪುಸ್ತಕ ಮಾತ್ರ ಉಳಿಯಿತು. ಅದನ್ನು ಓದಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ (ಹೌದು, ನಮ್ಮ ಲ್ಯಾಬಿನ ವೀಟ್‌ಸ್ಟನ್ ಬ್ರಿಡ್ಜಿನವನೇ) ಮಾತಿನ ಯಂತ್ರವನ್ನು ಮತ್ತೆ ಕಟ್ಟಿದ. ಅದನ್ನು ನೋಡಿದ ಹುಡುಗನೊಬ್ಬ ಅಣ್ಣನ ಜೊತೆ ಸೇರಿ, ಅಮ್ಮಾ ಎಂದು ಕರೆಯುವ ಯಾಂತ್ರಿಕ ತಲೆ ಮಾಡಿದ. ಆ ಹುಡುಗ ಅಲೆಕ್ಸಾಂಡರ್ ಗ್ರಹಾಂ ಬೆಲ್. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದವನು!

ಮರುದಿನ ನಾವು ಕಂಬದ ಹಿಂದೆ ಯಾರನ್ನೂ ನಿಲ್ಲಿಸಲಿಲ್ಲ. ಎರಡು ಆಜ್ಞೆ ತೋರಿಸಿದೆವು, ಉಳಿದ ಮೂರು ಗದ್ದಲದಲ್ಲಿ ಯಾಕೆ ಸೋಲುತ್ತವೆ ಅಂತ ಚಾರ್ಟಿನ ಮೇಲೆ ಬರೆದಿಟ್ಟೆವು. ಬಹುಮಾನ ಬರಲಿಲ್ಲ. ಆದರೆ ಜೂನಿಯರ್ ಒಬ್ಬಳು ಚಾರ್ಟಿನ ಫೋಟೋ ತಗೊಂಡು, ಮೈಕನ್ನು ಮೋಟಾರಿನಿಂದ ದೂರ ಇಟ್ಟು ನೋಡಿದ್ರಾ ಅಂತ ಕೇಳಿದಳು.

ಇಟ್ಟಿರಲಿಲ್ಲ. ಈ ಸೆಮಿಸ್ಟರ್ ಇಡ್ತೀವಿ.