ಕಡಲ ತಳದ ಮಾರುದನಿ

ಸಮುದ್ರದ ಆಳಕ್ಕೆ ಬೆಳಕು ಇಳಿಯಲಾರದು; ಶಬ್ದವು ಇಳಿಯಬಲ್ಲದು. ಹಡಗಿನಿಂದ ಹೊರಟ ಶಬ್ದತರಂಗವು ತಳವನ್ನು ತಾಗಿ ಮರಳಿ ಬಂದಾಗ, ಕಣ್ಣಿಗೆ ಕಾಣದ ಆ ನೆಲದ ಸ್ವರೂಪವನ್ನು ನಮಗೆ ತಿಳಿಸುತ್ತದೆ. ಈ ಮಾರುದನಿಯ ಅರ್ಥವನ್ನು ಬಿಡಿಸುವ ಗಣಿತಕ್ಕೆ ತಳಹದಿ ಹಾಕಿದವರಲ್ಲಿ ಲಾರ್ಡ್ ರೇಲೀ ಪ್ರಮುಖರು.

ಅವರ ಮೊದಲಿನ ಹೆಸರು ಜಾನ್ ವಿಲಿಯಂ ಸ್ಟ್ರಟ್. 1842ರ ನವೆಂಬರ್ 12ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಸಿರಿವಂತ ಮನೆತನದಲ್ಲಿ ಅವರು ಜನಿಸಿದರು. ಬಾಲ್ಯದ ಅನಾರೋಗ್ಯದಿಂದ ಶಾಲೆಯ ವ್ಯಾಸಂಗ ಮತ್ತೆ ಮತ್ತೆ ತಡೆಪಟ್ಟಿತು. ಆದರೂ 1865ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪರೀಕ್ಷೆಯಲ್ಲಿ ಅವರು ಪ್ರಥಮರಾಗಿ ತೇರ್ಗಡೆ ಹೊಂದಿದರು. ಜಮೀನಿನ ಉತ್ಪನ್ನದಿಂದ ಸುಖವಾಗಿ ಬಾಳಬಹುದಾಗಿದ್ದ ಅವರು ವಿಜ್ಞಾನದ ಶ್ರಮವನ್ನೇ ಆರಿಸಿಕೊಂಡರು.

1872ರಲ್ಲಿ ತೀವ್ರವಾದ ಸಂಧಿವಾತ ಜ್ವರವು ಅವರ ಪ್ರಾಣಕ್ಕೇ ಸಂಚಕಾರ ತಂದಿತು. ಚೇತರಿಸಿಕೊಳ್ಳಲು ಪತ್ನಿಯೊಡನೆ ಈಜಿಪ್ಟಿಗೆ ತೆರಳಿ, ನೈಲ್ ನದಿಯಲ್ಲಿ ದೋಣಿಮನೆಯೊಂದರಲ್ಲಿ ಪಯಣಿಸಿದರು. ದೊಡ್ಡ ಗ್ರಂಥಾಲಯದ ನೆರವಿಲ್ಲದ ಆ ದಿನಗಳಲ್ಲಿಯೇ ಶಬ್ದಸಿದ್ಧಾಂತವನ್ನು ಕುರಿತ ಮಹಾಗ್ರಂಥದ ರಚನೆ ಆರಂಭವಾಯಿತು. 1873ರಲ್ಲಿ ತಂದೆಯ ಮರಣಾನಂತರ ಅವರಿಗೆ ರೇಲೀ ಎಂಬ ಪದವಿ ಬಂದಿತು. ಗ್ರಂಥದ ಎರಡು ಸಂಪುಟಗಳು 1877 ಮತ್ತು 1878ರಲ್ಲಿ ಪ್ರಕಟವಾದವು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ನುಣುಪಾದ ಗೋಡೆಗೆ ತಾಗಿದ ಶಬ್ದವು ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಏರುತಗ್ಗುಗಳಿರುವ ಮೇಲ್ಮೈಗೆ ತಾಗಿದರೆ ಏನಾಗುತ್ತದೆ? 1894–96ರ ಎರಡನೆಯ ಆವೃತ್ತಿಯಲ್ಲಿ ಅವರು ಈ ಪ್ರಶ್ನೆಯನ್ನೂ ಗಣಿತದಿಂದ ವಿವೇಚಿಸಿದರು. ಮೇಲ್ಮೈ ನುಣುಪೋ ಒರಟೋ ಎಂಬುದು ಅದೊಂದರಿಂದಲೇ ನಿರ್ಧಾರವಾಗದು. ತಾಗುವ ತರಂಗದ ಉದ್ದವನ್ನೂ, ಅದು ಬಂದೆರಗುವ ಕೋನವನ್ನೂ ಅವಲಂಬಿಸಿರುತ್ತದೆ. ಈ ಅಳತೆಗೋಲಿಗೆ ಇಂದಿಗೂ ರೇಲೀ ಅವರ ಹೆಸರೇ ಇದೆ.

ಕಡಲಿನ ಒಂದು ನಿದರ್ಶನವನ್ನು ನೋಡೋಣ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುತ್ತದೆ. ಸೆಕೆಂಡಿಗೆ 1,500 ಕಂಪನಗಳುಳ್ಳ ಶಬ್ದದ ತರಂಗ 1 ಮೀಟರು ಉದ್ದ. 1,50,000 ಕಂಪನಗಳುಳ್ಳದ್ದು 1 ಸೆಂಟಿಮೀಟರು ಮಾತ್ರ. ತಳದ ಮರಳಿನಲ್ಲಿ 2 ಸೆಂಟಿಮೀಟರು ಎತ್ತರದ ಸುಕ್ಕುಗಳಿವೆಯೆನ್ನಿ. ಉದ್ದದ ತರಂಗಕ್ಕೆ ಅದು ನುಣುಪಾದ ನೆಲ. ಕಿರುತರಂಗಕ್ಕೆ ಅದೇ ಬೆಟ್ಟಗುಡ್ಡಗಳ ನಾಡು. ಆದುದರಿಂದ ಕಿರುತರಂಗವು ಎಲ್ಲ ದಿಕ್ಕುಗಳಿಗೂ ಚದರಿಹೋಗುತ್ತದೆ. ಚದರಿದ ಶಬ್ದವನ್ನು ಅಳೆದು, ತಳದಲ್ಲಿರುವುದು ಕೆಸರೋ ಮರಳೋ ಬಂಡೆಯೋ ಎಂದು ವಿಜ್ಞಾನಿಗಳು ಊಹಿಸಬಲ್ಲರು.

ಆರ್ಗಾನ್ ಅನಿಲದ ಶೋಧನೆಗೆ ಸಂಬಂಧಿಸಿದಂತೆ 1904ರಲ್ಲಿ ರೇಲೀ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಹಣವನ್ನು ಅವರು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಅರ್ಪಿಸಿದರು. 1919ರ ಜೂನ್ 30ರಂದು ಅವರು ಕಾಲವಾದರು. 1925–27ರಲ್ಲಿ ಜರ್ಮನಿಯ ಮೀಟಿಯೋರ್ ಹಡಗು ದಕ್ಷಿಣ ಅಟ್ಲಾಂಟಿಕ್ ಸಾಗರದ ಆಳವನ್ನು ಮಾರುದನಿಯಿಂದ ಸಾವಿರಾರು ಕಡೆ ಅಳೆದುದನ್ನು ನೋಡಲು ಅವರಿರಲಿಲ್ಲ. ರೇಲೀ ಲೆಕ್ಕಹಾಕಿದ್ದು ಕ್ರಮಬದ್ಧವಾದ ಏರುತಗ್ಗುಗಳಿಗೆ. ಕಡಲ ತಳವೋ ಕ್ರಮವಿಲ್ಲದ್ದು. ಆ ಕೊರತೆಯನ್ನು ಮುಂದಿನವರು ತುಂಬುತ್ತ ಬಂದಿದ್ದಾರೆ. ಆದರೆ ಅವರು ನಡೆದದ್ದು ರೋಗಪೀಡಿತನಾದ ತರುಣನೊಬ್ಬನು ನೈಲ್ ನದಿಯ ಮೇಲೆ ತೆರೆದ ದಾರಿಯಲ್ಲಿ. ತತ್‌ಕ್ಷಣದ ಲಾಭವನ್ನು ಎಣಿಸದೆ ಗಳಿಸಿದ ಜ್ಞಾನವೂ ಮುಂದೊಂದು ದಿನ ಲೋಕಕ್ಕೆ ಉಪಕಾರಿಯಾಗುತ್ತದೆ.